ಕೆರೆಯ ಮೇಲ್ತುದಿಗೆ ಜೆಸಿಬಿ ಇಳಿಸುವ ಮುನ್ನ

ಮಲೆನಾಡಿನ ಊರೊಂದಕ್ಕೆ ಕೆರೆ ಅಭಿವೃದ್ಧಿ ಕಾಮಗಾರಿ ಮಂಜೂರಾದರೆ ಮೊದಲು ಬರುವುದು ಜೆಸಿಬಿ. ಅದು ಮೊದಲು ಇಳಿಯುವುದು ಹಳ್ಳ ಬಂದು ಕೆರೆ ಸೇರುವ ಕಡೆ. ಏರಿ ಹತ್ತಿರ ನೀರು ಆಳ, ಅಲ್ಲಿ ಯಂತ್ರ ಓಡುವುದಿಲ್ಲ. ಮೇಲ್ತುದಿಯಲ್ಲಿ ಮೊಣಕಾಲುದ್ದ ನೀರು, ಕೆಸರು, ಆಳೆತ್ತರದ ಜೊಂಡು ಹುಲ್ಲು. ನೋಡಿದವರಿಗೆ ಅದು ಹಾಳುಬಿದ್ದ ಜಾಗ. ಅದನ್ನು ಬಗೆದು, ಸುತ್ತ ಕಲ್ಲು ಕಟ್ಟಿ, ಮೇಲೊಂದು ವಾಕಿಂಗ್ ಪಾತ್ ಮಾಡಿದರೆ ಕೆರೆ ಚಂದ ಕಾಣುತ್ತದೆ. ಕೆಲವೇ ಬೇಸಿಗೆ ಕಳೆಯುವಷ್ಟರಲ್ಲಿ ನೀರು ಹಸಿರಾಗುತ್ತದೆ. ಆಮೇಲೆ ಅಂತರಗಂಗೆ ಹಬ್ಬುತ್ತದೆ. ಮತ್ತೆ ಹೂಳೆತ್ತಬೇಕು ಅನ್ನುವ ಅರ್ಜಿ ಪಂಚಾಯಿತಿಗೆ ಹೋಗುತ್ತದೆ.

ನನ್ನ ಮಾತು ಇಷ್ಟೇ. ಹಾಳುಬಿದ್ದ ಜಾಗ ಅಂತ ನಾವು ಬಗೆದು ಹಾಕಿದ ಆ ಜೌಗೇ ಕೆರೆಗೆ ಬರುವ ನೀರನ್ನು ಸೋಸುತ್ತಿತ್ತು. ಇದ್ದಲ್ಲಿ ಅದನ್ನು ಉಳಿಸಬೇಕು, ಹೋದಲ್ಲಿ ಮತ್ತೆ ಮಾಡಿಕೊಡಬೇಕು. ಹಾಗಂತ ಜೌಗು ಮಾಡಿಬಿಟ್ಟರೆ ಎಲ್ಲ ಕೊಳೆಯೂ ಹೋಗುತ್ತದೆ ಅಂತ ನಂಬಿಸುವುದೂ ಸರಿಯಲ್ಲ. ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಅಂತ ಲೆಕ್ಕ ಹಾಕಿ ನೋಡಬೇಕು. ಆ ಲೆಕ್ಕ ಕಷ್ಟದ್ದೇನಲ್ಲ.

ಮೊದಲು, ನೀರು ಯಾಕೆ ಹಸಿರಾಗುತ್ತದೆ ನೋಡೋಣ. ಪಾಚಿಗೆ ಮುಖ್ಯವಾಗಿ ಬೇಕಾದ್ದು ಬಿಸಿಲು, ಇಂಗಾಲ, ಸಾರಜನಕ, ರಂಜಕ. ಬಿಸಿಲು ಮತ್ತು ಇಂಗಾಲಕ್ಕೆ ಕೊರತೆಯಿಲ್ಲ. ಸಾರಜನಕ ಸಿಗದಿದ್ದರೆ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯಿಂದಲೇ ಹಿಡಿದುಕೊಳ್ಳುತ್ತವೆ. ರಂಜಕಕ್ಕೆ ಆ ದಾರಿ ಇಲ್ಲ. ಅದು ಮಣ್ಣಿನ ಜೊತೆ, ಗೊಬ್ಬರದ ಜೊತೆ, ಚರಂಡಿ ನೀರಿನ ಜೊತೆ ಕೆರೆಗೆ ಬರಬೇಕು. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಒಂದು ಸರೋವರದ ನಡುವೆ ಪರದೆ ಎಳೆದು ಅದನ್ನು ಎರಡು ಭಾಗ ಮಾಡಿದರು. ಎರಡೂ ಕಡೆಗೆ ಇಂಗಾಲ, ಸಾರಜನಕ ಹಾಕಿದರು. ರಂಜಕವನ್ನು ಒಂದು ಕಡೆಗೆ ಮಾತ್ರ ಹಾಕಿದರು. ರಂಜಕ ಬಿದ್ದ ಭಾಗ ಪಾಚಿಗಟ್ಟಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಒಂದು ಕಿಲೋ ರಂಜಕ ಸಿಕ್ಕರೆ ಒಣ ತೂಕದಲ್ಲೇ ಸುಮಾರು 100 ಕಿಲೋ ಪಾಚಿ ಬೆಳೆಯಬಲ್ಲದು.

ಬಣ್ಣ ಹಸಿರಾದರೆ ಏನು ಕಷ್ಟ ಅಂತ ಕೇಳಬಹುದು. ಹಗಲು ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ತಳದಲ್ಲಿ ಕೊಳೆಯುತ್ತಿರುವ ಸತ್ತ ಪಾಚಿ ಎರಡೂ ಸೇರಿ ಇದ್ದಬದ್ದ ಆಮ್ಲಜನಕವನ್ನು ಮುಗಿಸುತ್ತವೆ. ಸೂರ್ಯ ಹುಟ್ಟುವ ಸ್ವಲ್ಪ ಮೊದಲು ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಆ ಹೊತ್ತಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಕೆರೆ ಉಸಿರುಕಟ್ಟಿದೆ ಅಂತಲೇ ತಿಳಿಯಬೇಕು. ಕೆಲವು ನೀಲಿ-ಹಸಿರು ಪಾಚಿಗಳು ಪಿತ್ತಜನಕಾಂಗ ಕೆಡಿಸುವ ವಿಷವನ್ನೂ ಬಿಡುತ್ತವೆ. ನೀರು ಕುದಿಸಿದರೆ ಆ ವಿಷ ಹೋಗುವುದಿಲ್ಲ. ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟಿದ ದಡದಲ್ಲಿ ದನಗಳಿಗೆ ನೀರು ಕುಡಿಸಬಾರದು ಅನ್ನುವುದು ಇದಕ್ಕೇ.

ಈಗ ಜೌಗಿನ ಕೆಲಸ. ಜೊಂಡಿನ ನಡುವೆ ನುಸುಳುವಾಗ ನೀರಿನ ಓಟ ನಿಧಾನವಾಗುತ್ತದೆ. ಜೊತೆಗೆ ಬಂದ ಮಣ್ಣು ಕೆಳಗೆ ಕೂರುತ್ತದೆ. ಆ ಕೆಸರಿನೊಳಗೆ ಒಂದೆರಡು ಬೆರಳು ಕೆಳಗೇ ಆಮ್ಲಜನಕ ಇರುವುದಿಲ್ಲ. ಅಲ್ಲಿರುವ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟನ್ನು, ಅಂದರೆ ಗೊಬ್ಬರದ ಸಾರಜನಕ ಮಣ್ಣಿನಲ್ಲಿ ತಾಳುವ ರೂಪವನ್ನು, ಬಳಸುತ್ತವೆ, ಕೊನೆಗೆ ಅದನ್ನು ಸಾರಜನಕ ಅನಿಲ ಮಾಡಿ ಬಿಡುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವುದು ಅದೇ ಅನಿಲ. ತೋಟಕ್ಕೆ ಹಾಕಿದ ಯೂರಿಯಾದಲ್ಲಿ ಮಳೆಗೆ ಕೊಚ್ಚಿ ಬಂದದ್ದರಲ್ಲಿ ಒಂದು ಪಾಲು ಹೀಗೆ ಜೌಗಿನಿಂದ ಗಾಳಿಗೆ ಹೋಗುತ್ತದೆ. ಕೆರೆಯ ಮಟ್ಟಿಗೆ ಅದು ಶಾಶ್ವತವಾಗಿ ತೊಲಗಿದ ಹಾಗೆ.

ರಂಜಕದ ಕಥೆ ಬೇರೆ. ಅದಕ್ಕೆ ಅನಿಲವಾಗಿ ಹಾರಿಹೋಗುವ ದಾರಿ ಇಲ್ಲ. ಮಲೆನಾಡಿನ ಜೌಗಿನ ಅಂಚಿನಲ್ಲಿ ನಿಂತ ನೀರನ್ನು ಹತ್ತಿರದಿಂದ ನೋಡಿ. ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣ ಬಣ್ಣದ ಪದರ, ಕೆಳಗೆ ತುಕ್ಕಿನ ಬಣ್ಣದ ಲೋಳೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಅಂತ ಜನ ಗಾಬರಿಯಾಗುವುದುಂಟು. ಒಂದು ಕಡ್ಡಿಯಿಂದ ಆ ಪದರವನ್ನು ತಿವಿದರೆ ತಿಳಿಯುತ್ತದೆ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಚೂರು ಚೂರಾಗಿ ಒಡೆದು ದೂರ ಸರಿಯುತ್ತದೆ. ಅದು ಕಬ್ಬಿಣ. ನಮ್ಮ ಕೆಮ್ಮಣ್ಣು, ಜಂಬಿಟ್ಟಿಗೆಯಲ್ಲಿರುವ ಕಬ್ಬಿಣ ಕೆಸರಿನೊಳಗೆ ಕರಗಿ, ಮೇಲೆ ಗಾಳಿ ತಾಗಿದ ಕೂಡಲೇ ಮತ್ತೆ ತುಕ್ಕಾಗುತ್ತದೆ. ಹೀಗೆ ತುಕ್ಕಾಗುವಾಗ ನೀರಲ್ಲಿದ್ದ ರಂಜಕವನ್ನು ಹಿಡಿದುಕೊಂಡು ಕೆಳಗೆ ಕೂರುತ್ತದೆ. ಮಲೆನಾಡಿನ ಮಣ್ಣು ನಮಗೆ ಪುಕ್ಕಟೆಯಾಗಿ ಕೊಟ್ಟಿರುವ ಅನುಕೂಲ ಇದು. ಸುಣ್ಣದ ನೆಲದ ಊರುಗಳಿಗೆ ಇದು ಇಲ್ಲ.

ಆದರೆ ಈ ಹಿಡಿತ ಆಮ್ಲಜನಕ ಇರುವವರೆಗೆ ಮಾತ್ರ. ನೀರು ಹರಿಯದೆ ತಿಂಗಳುಗಟ್ಟಲೆ ನಿಂತು, ಮೇಲೆ ಅಂತರಗಂಗೆ ಮುಚ್ಚಿ, ಕೆಸರು ಪೂರ್ತಿ ಉಸಿರುಕಟ್ಟಿದರೆ ಕಬ್ಬಿಣ ಮತ್ತೆ ಕರಗುತ್ತದೆ, ಹಿಡಿದಿದ್ದ ರಂಜಕವನ್ನು ಬಿಟ್ಟುಕೊಡುತ್ತದೆ. ಹೊರಗಿನಿಂದ ಒಂದು ಹನಿ ಕೊಳಚೆ ಬರದಿದ್ದರೂ ಕೆರೆ ಹಸಿರಾಗುವುದು ಹೀಗೆ. ಆದ್ದರಿಂದ ಜೌಗು ಅಂದರೆ ಸುಮ್ನೆ ನೀರು ನಿಲ್ಲಿಸಿದ ಗುಂಡಿ ಅಂತಲ್ಲ. ನೀರು ತೆಳ್ಳಗೆ ಹರಡಬೇಕು, ಮೆಲ್ಲಗೆ ಹರಿಯಬೇಕು, ಗಾಳಿ ಬೆಳಕು ತಾಗಬೇಕು.

ಇನ್ನು ಲೆಕ್ಕಕ್ಕೆ ಬರೋಣ. 2016ರಲ್ಲಿ ಸ್ವೀಡನ್ನಿನ ಸಂಶೋಧಕರ ನೇತೃತ್ವದ ತಂಡವೊಂದು ಹೊಸದಾಗಿ ಮಾಡಿದ ಮತ್ತು ಪುನಶ್ಚೇತನಗೊಳಿಸಿದ 203 ಜೌಗುಗಳ ಅಳತೆಗಳನ್ನು ಒಟ್ಟು ಮಾಡಿ ನೋಡಿತು. ನಡುಮಟ್ಟದ ಜೌಗೊಂದು ತನಗೆ ಬಂದ ಸಾರಜನಕದಲ್ಲಿ ನೂರಕ್ಕೆ 37 ಪಾಲು, ರಂಜಕದಲ್ಲಿ ನೂರಕ್ಕೆ 46 ಪಾಲು ತಡೆಯುತ್ತದೆ ಅಂತ ಕಂಡುಬಂತು. ಒಂದು ಹೆಕ್ಟೇರಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 930 ಕಿಲೋ ಸಾರಜನಕ, 12 ಕಿಲೋ ರಂಜಕ. ಈ ಎರಡು ಅಂಕಿಗಳ ಅಂತರ ನೋಡಿ. ಇಡೀ ವಿಷಯ ನಿಂತಿರುವುದು ಅದರ ಮೇಲೆ.

ನಮ್ಮ ದೇಶದಲ್ಲಿ ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಅಂದಾಜು 2.7 ಕಿಲೋ ಸಾರಜನಕ, 0.4 ಕಿಲೋ ರಂಜಕ ಹೋಗುತ್ತದೆ. ಸಾವಿರ ಜನರ ಒಂದು ಬಡಾವಣೆಯ ಚರಂಡಿ ನೇರ ಕೆರೆಗೆ ಬರುತ್ತಿದೆ ಅಂತಿಟ್ಟುಕೊಳ್ಳಿ. 2,700 ಕಿಲೋ ಸಾರಜನಕಕ್ಕೆ ಮೂರು ಹೆಕ್ಟೇರ್ ಜೌಗು ಸಾಕು. 400 ಕಿಲೋ ರಂಜಕಕ್ಕೆ 33 ಹೆಕ್ಟೇರ್ ಬೇಕು! ಶಿವಮೊಗ್ಗ ನಗರದ 2011ರ ಜನಸಂಖ್ಯೆ 3.22 ಲಕ್ಷ. ಅದನ್ನೇ ಹಿಡಿದರೂ ವರ್ಷಕ್ಕೆ 129 ಟನ್ ರಂಜಕ. ಅಷ್ಟನ್ನೂ ಜೌಗಿನಿಂದಲೇ ತಡೆಯಲು 100 ಚದರ ಕಿಲೋಮೀಟರಿಗಿಂತ ಜಾಸ್ತಿ ಜಾಗ ಬೇಕು. ಇದು ಒರಟು ಲೆಕ್ಕ, ಒಪ್ಪುತ್ತೇನೆ. ಕೊಳಚೆ ದಟ್ಟವಾಗಿ ಬಂದಾಗ ಜೌಗು ಹೆಕ್ಟೇರಿಗೆ ಇನ್ನಷ್ಟು ಹಿಡಿಯುತ್ತದೆ. ಆದರೂ ಊರಿನ ಹಸಿ ಕೊಳಚೆಯನ್ನು ಜೊಂಡಿನ ತಲೆಗೆ ಕಟ್ಟಲು ಆಗುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಪಟ್ಟಣಗಳಲ್ಲಿ ಮೊದಲು ಯುಜಿಡಿ (ಒಳಚರಂಡಿ), ಆಮೇಲೆ ಕೊಳಚೆ ಶುದ್ಧೀಕರಣ ಘಟಕ ಅಂದರೆ ಎಸ್‌ಟಿಪಿ, ಆಮೇಲೆ ಜೌಗು, ಕೊನೆಗೆ ಕೆರೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಮಾಡಿದ್ದು ಇದನ್ನೇ. ಎಸ್‌ಟಿಪಿಯಿಂದ ಬಂದ ನೀರು ಜೌಗಿನಲ್ಲಿ ಹಾದು ಕೆರೆ ಸೇರುತ್ತದೆ. ಎಸ್‌ಟಿಪಿ ಇದೆ ಅಂದ ಮಾತ್ರಕ್ಕೆ ರಂಜಕ ಹೋಯಿತು ಅಂದುಕೊಳ್ಳುವುದೂ ತಪ್ಪು. ಸಾಮಾನ್ಯ ಎಸ್‌ಟಿಪಿಗಳು ಗಲೀಜನ್ನು, ನಾತವನ್ನು ಚೆನ್ನಾಗಿ ತೆಗೆಯುತ್ತವೆ. ಆಲಂ ಅಥವಾ ಕಬ್ಬಿಣದ ಲವಣ ಹಾಕಿ ರಂಜಕವನ್ನು ಕೂರಿಸುವ ಏರ್ಪಾಡು ಬೇರೆಯೇ ಇರಬೇಕು. ನಗರಸಭೆಗಳು ಟೆಂಡರ್ ಕರೆಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಸಾಗರದ ಗಣಪತಿ ಕೆರೆಯಂಥ ಕೆರೆಗಳಿಗೆ ಈ ಕ್ರಮ ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಕೆರೆ ಅದು. ಸಾಗರ ಅನ್ನುವ ಹೆಸರು ಊರಿಗೆ ಬಂದದ್ದೇ ಅದರಿಂದ. ಕೆರೆಯ ಸುತ್ತ ಊರು ಬೆಳೆದ ಮೇಲೆ ಜೌಗಿಗೆ ಬಿಡಲು ಎಷ್ಟು ಜಾಗ ಉಳಿದೀತು? ತುಂಗೆಯ ವಿಷಯವೂ ಹಾಗೇ. ತುಂಗಾ ಪಾನ ಗಂಗಾ ಸ್ನಾನ ಅಂತ ಹೇಳಿಕೊಂಡು ಬಂದ ನಾವು ಅದೇ ನದಿಗೆ ಚರಂಡಿ ಬಿಟ್ಟಿದ್ದೇವೆ. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಅದು ಹರಿಹರ ದಾಟಿ ಹೊಸಪೇಟೆಯ ಜಲಾಶಯ ಸೇರುತ್ತದೆ. ಅಲ್ಲಿ ನೀರು ಹಸಿರಾಯಿತು ಅನ್ನುವ ಸುದ್ದಿಯನ್ನು ಇತ್ತೀಚಿನ ವರ್ಷಗಳಲ್ಲಿ ಓದಿದ್ದೇವೆ. ಅದರಲ್ಲಿ ಮಲೆನಾಡಿನ ಪಾಲೂ ಇದೆ, ಅಲ್ವಾ?

ಪಟ್ಟಣ ಬಿಟ್ಟು ಹಳ್ಳಿಗೆ ಬಂದರೆ ಲೆಕ್ಕ ಜೌಗಿನ ಪರವಾಗಿ ತಿರುಗುತ್ತದೆ. ಸೊರಬ, ಶಿಕಾರಿಪುರ, ಸಾಗರದ ಸೀಮೆಯಲ್ಲಿ ಊರೂರಿಗೂ ಕೆರೆ. ಅಲ್ಲಿ ಕೊಳಚೆ ಕಡಿಮೆ. ರಂಜಕ ಬರುವುದು ಗದ್ದೆ ತೋಟಗಳಿಂದ. 50 ಕಿಲೋ ಡಿಎಪಿ ಗೊಬ್ಬರದ ಮೂಟೆಯೊಂದರಲ್ಲಿ 9 ಕಿಲೋ ಸಾರಜನಕ, ಸುಮಾರು 10 ಕಿಲೋ ರಂಜಕ ಇರುತ್ತದೆ. ಅಂದರೆ ಒಂದು ಹೆಕ್ಟೇರ್ ಜೌಗು ವರ್ಷವಿಡೀ ಹಿಡಿಯುವುದು ಒಂದು ಮೂಟೆ ಡಿಎಪಿಗಿಂತ ತುಸು ಜಾಸ್ತಿ. ಕೇಳಲು ಅಷ್ಟೇನಾ ಅನ್ನಿಸಬಹುದು. ಆದರೆ ಹೊಲಕ್ಕೆ ಹಾಕಿದ ರಂಜಕದಲ್ಲಿ ಹೆಚ್ಚಿನದು ನಮ್ಮ ಕೆಮ್ಮಣ್ಣಿಗೇ ಅಂಟಿಕೊಳ್ಳುತ್ತದೆ. ಹಳ್ಳಕ್ಕೆ ಬರುವುದು ಸಣ್ಣ ಪಾಲು, ಅದೂ ಬಹುಮಟ್ಟಿಗೆ ಕೊಚ್ಚಿಬಂದ ಮಣ್ಣಿನ ಕಣಗಳ ಜೊತೆ. ಆ ಕಣಗಳನ್ನು ಕೂರಿಸುವುದರಲ್ಲಿ ಜೌಗು ಪಳಗಿದ ಕೈ. ಹಾಗಾಗಿ ಕೈಯಲ್ಲಿ ಸೀಮಿತ ಹಣ ಇದ್ದರೆ ಅದನ್ನು ಹಳ್ಳಿ ಕೆರೆಗಳ ಮೇಲ್ತುದಿಗೆ ಹಾಕಿ ಅನ್ನುತ್ತೇನೆ. ಊರ ನಡುವಿನ ಕೆರೆಗೆ ಜೊಂಡು ನೆಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಅದರಿಂದ ಹೆಚ್ಚು ಪ್ರಯೋಜನ.

ಹಳ್ಳಿಯಲ್ಲಿ ಆಗಿರುವ ಇನ್ನೊಂದು ಬದಲಾವಣೆಯನ್ನು ನಾವು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಭತ್ತದ ಗದ್ದೆ ತಿಂಗಳುಗಟ್ಟಲೆ ನೀರು ನಿಲ್ಲುವ ಜಾಗ. ಅದೂ ಒಂದು ಜೌಗೇ. ಬದು ಮಣ್ಣನ್ನು ತಡೆಯುತ್ತದೆ, ಕೆಸರು ನೈಟ್ರೇಟನ್ನು ಅನಿಲ ಮಾಡಿ ಕಳಿಸುತ್ತದೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಕೆರೆಗೆ ನೀರು ಇಳಿಯುವಾಗ ಮಡಿ ಮಡಿಯಲ್ಲೂ ಸೋಸಿಕೊಂಡೇ ಬರುತ್ತಿತ್ತು. ಈಗ ಆ ಗದ್ದೆಗಳು ಅಡಿಕೆ ತೋಟವಾಗುತ್ತಿವೆ, ಇಲ್ಲವೇ ಶುಂಠಿಗೆ ಗುತ್ತಿಗೆ ಹೋಗುತ್ತಿವೆ. ಭತ್ತದಲ್ಲಿ ಕೂಲಿಯೂ ಹುಟ್ಟುವುದಿಲ್ಲ ಅನ್ನುವ ರೈತರ ಮಾತು ನಿಜ, ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಅಡಿಕೆಗೂ ಶುಂಠಿಗೂ ಬೇರು ಬುಡದಲ್ಲಿ ನೀರು ನಿಲ್ಲಬಾರದು. ನಿಂತರೆ ಕೊಳೆ. ಆದ್ದರಿಂದ ಆಳವಾದ ಬಸಿಗಾಲುವೆ ತೆಗೆದು ನೀರನ್ನು ಆದಷ್ಟು ಬೇಗ ಹೊರಗೆ ಹಾಕುತ್ತಾರೆ. ಶುಂಠಿಗೆ ಗೊಬ್ಬರ ಜಾಸ್ತಿ, ಮಳೆಗಾಲದಲ್ಲಿ ಸಡಿಲ ಮಣ್ಣಿನ ಏರುಮಡಿ. ಸೋಸುತ್ತಿದ್ದ ಗದ್ದೆ ಹೋಯಿತು, ಅದೇ ಜಾಗದಿಂದ ಈಗ ಗೊಬ್ಬರದ ನೀರು ನೇರ ಹಳ್ಳಕ್ಕೆ ಬರುತ್ತಿದೆ. ಬಸಿಗಾಲುವೆಯ ಕೊನೆಯಲ್ಲಿ, ಹಳ್ಳ ಸೇರುವ ಮುನ್ನ, ನಾಲ್ಕೈದು ಗುಂಟೆ ಬೆಳೆಯಿಡದ ಹಡ್ಲು ಬಿಟ್ಟು ನೀರನ್ನು ಅಲ್ಲಿ ಹರಡಿ ಹಾಯಿಸಿದರೂ ಎಷ್ಟೋ ಮಣ್ಣು ಉಳಿಯುತ್ತದೆ. ಅದಕ್ಕೆ ರೈತನಿಗೆ ಪರಿಹಾರ ಕೊಡುವುದು ಸರ್ಕಾರದ ಕೆಲಸ. ಕೆರೆ ನೀರು ಇಡೀ ಊರಿಗೆ ಸೇರಿದ್ದು. ಅದನ್ನು ಕಾಯುವ ಖರ್ಚನ್ನು ಒಬ್ಬ ರೈತನ ತಲೆಗೆ ಕಟ್ಟಬಾರದು.

ಇನ್ನೂ ಮೇಲೆ, ಹಳ್ಳ ಹುಟ್ಟುವ ಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ನೀರಿನಲ್ಲೇ ನಿಂತು, ಮೊಣಕಾಲು ಮಡಿಸಿದ ಹಾಗೆ ಬೇರು ಮೇಲೆತ್ತಿ ಉಸಿರಾಡುವ ಮರಗಳ ಜೌಗು ಕಾಡು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅದಕ್ಕೆ ಹೆಸರಾದ ಜಾಗ. ಇಂಥ ಎಷ್ಟೋ ಜಡ್ಡಿಗಳು ಹಿಂದೆಯೇ ಗದ್ದೆ, ತೋಟಗಳಾಗಿ ಹೋದವು. ಉಳಿದವನ್ನು ಮುಟ್ಟದೆ ಬಿಡುವುದಕ್ಕಿಂತ ಅಗ್ಗದ ಜಲಶುದ್ಧಿ ಯೋಜನೆ ಬೇರೆ ಇಲ್ಲ.

ಯುರೋಪಿನ, ಅಮೆರಿಕದ ಅಂಕಿಗಳನ್ನು ಹಾಗೇ ತಂದು ಮಲೆನಾಡಿಗೆ ಅಂಟಿಸುವುದಕ್ಕೆ ಮಳೆ ಬಿಡುವುದಿಲ್ಲ. 2016ರ ಆ ಅಧ್ಯಯನವೇ ಎರಡು ಎಚ್ಚರಿಕೆ ಕೊಟ್ಟಿತ್ತು. ಮಳೆ ಬಂದಾಗ ಮಾತ್ರ ನೀರು ನುಗ್ಗುವ ಜೌಗುಗಳು ರಂಜಕವನ್ನು ಕಡಿಮೆ ಹಿಡಿಯುತ್ತವೆ. ಮೊದಲು ಕೃಷಿ ಮಾಡಿದ್ದ ಭೂಮಿಯಲ್ಲಿ ಪುನಶ್ಚೇತನಗೊಳಿಸಿದ ಜೌಗುಗಳೂ ಕಡಿಮೆಯೇ ಹಿಡಿಯುತ್ತವೆ. ಎರಡೂ ನಮಗೆ ನೇರವಾಗಿ ತಾಗುವ ಮಾತು. ನಮ್ಮ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಜುಲೈನ ಒಂದು ಜಡಿಮಳೆಗೆ ಹಳ್ಳ ಉಕ್ಕಿದರೆ ಜೌಗಿನಲ್ಲಿ ನೀರು ಗಂಟೆ ಹೊತ್ತೂ ನಿಲ್ಲುವುದಿಲ್ಲ. ಹಿಂದಿನ ವರ್ಷ ಕೂತ ಹೂಳನ್ನೂ ಎಬ್ಬಿಸಿಕೊಂಡು ಕೆರೆಗೆ ಹೋಗುತ್ತದೆ. ಹಾಗೆಯೇ ವರ್ಷಗಟ್ಟಲೆ ಡಿಎಪಿ ಉಂಡ ಗದ್ದೆಯಲ್ಲಿ ನೀರು ನಿಲ್ಲಿಸಿದರೆ, ಮೇಲೆ ಹೇಳಿದ ಕಬ್ಬಿಣದ ಹಿಡಿತ ಸಡಿಲವಾಗಿ ಮಣ್ಣಲ್ಲಿದ್ದ ಹಳೆಯ ರಂಜಕ ಮೊದಲು ಹೊರಗೆ ಬರುತ್ತದೆ. ಮೊದಲ ಒಂದೆರಡು ವರ್ಷ ಫಲಿತಾಂಶ ಉಲ್ಟಾ ಕಂಡರೆ ಗಾಬರಿಯಾಗಬಾರದು.

ಇದಕ್ಕೆ ಉಪಾಯ ಉಂಟು. ಹಳ್ಳ ಬರುವ ಬಾಯಿಯಲ್ಲಿ ಹೂಳು ಕೂರಲು ಒಂದು ಆಳದ ಗುಂಡಿ. ಅದರ ನಂತರ ನೀರಿಗೆ ಅಡ್ಡವಾಗಿ ತಗ್ಗಾದ ಮಣ್ಣಿನ ಬದುಗಳು, ನೀರು ಸುತ್ತಿ ಬಳಸಿ ಹೋಗುವ ಹಾಗೆ. ಪಕ್ಕದಲ್ಲಿ ಪ್ರವಾಹದ ನೀರು ಜೌಗನ್ನು ತಪ್ಪಿಸಿ ಕೆರೆಗೆ ಹೋಗಲು ಒಂದು ಕಾಲುವೆ. ಜೂನಿನ ಮೊದಲ ಮಳೆಗಳ ನೀರನ್ನು ಮಾತ್ರ ಎಷ್ಟೇ ಕಷ್ಟವಾದರೂ ಜೌಗಿಗೇ ತಿರುಗಿಸಬೇಕು. ಬೇಸಿಗೆಯಿಡೀ ನೆಲದ ಮೇಲೆ ಬಿದ್ದ ಸಗಣಿ, ಗೊಬ್ಬರ, ಬೂದಿ, ಸಡಿಲ ಮಣ್ಣು ಎಲ್ಲ ಕೊಚ್ಚಿಕೊಂಡು ಬರುವುದು ಅದರಲ್ಲೇ. ಹೂಳೆತ್ತಬೇಡಿ ಅಂತ ನಾನು ಹೇಳುತ್ತಿಲ್ಲ. ಏರಿ ಕಡೆ, ತೂಬಿನ ಹತ್ತಿರ ಧಾರಾಳವಾಗಿ ತೆಗೆಯಿರಿ. ಮೇಲ್ತುದಿಯ ತೆಳು ನೀರಿನ ಜಾಗ ಬಿಡಿ. ದಂಡೆಯ ಸುತ್ತ ನೆಟ್ಟಗೆ ಕಲ್ಲು ಕಟ್ಟಿ ಇಳಿಜಾರನ್ನು ಮುಚ್ಚಬೇಡಿ.

ಹಿಡಿದ ರಂಜಕವನ್ನು ಹೊರಗೆ ಹಾಕುವ ಕೆಲಸವೂ ಇದೆ, ನಾವು ಮರೆತಿರುವುದು ಇದನ್ನೇ. ಜೊಂಡು ಒಣಗಿ ಅಲ್ಲೇ ಬಿದ್ದು ಕೊಳೆತರೆ ಹಿಡಿದದ್ದೆಲ್ಲ ವಾಪಸ್ಸು ನೀರಿಗೆ. ಅಂತರಗಂಗೆಯನ್ನು ಎಳೆದು ಏರಿ ಮೇಲೆ ರಾಶಿ ಹಾಕಿ ಬಿಡುವುದನ್ನು ಎಲ್ಲ ಕಡೆ ನೋಡುತ್ತೇವೆ. ಅದರಲ್ಲಿ ನೂರಕ್ಕೆ 95 ಪಾಲು ನೀರೇ. ವಾರದಲ್ಲಿ ರಾಶಿ ಕುಸಿದು, ಕಪ್ಪು ರಸ ಏರಿಯಿಂದ ಮತ್ತೆ ಕೆರೆಗೇ ಇಳಿಯುತ್ತದೆ. ದುಡ್ಡು ಖರ್ಚಾಯಿತು, ರಂಜಕ ಅಲ್ಲೇ ಉಳಿಯಿತು. ಹಿಂದೆ ಬೇಸಿಗೆಯಲ್ಲಿ ಕೆರೆ ಗೋಡನ್ನು ಗಾಡಿಗೆ ತುಂಬಿ ಗದ್ದೆಗೆ, ತೋಟಕ್ಕೆ ಹೊಡೆಯುತ್ತಿದ್ದರು. ನೀರಿಗೆ ಬಂದ ಸಾರ ನೆಲಕ್ಕೆ ಮರಳುತ್ತಿತ್ತು. ಇಂದು ರಂಜಕದ ಕಲ್ಲನ್ನು ಬಹುಪಾಲು ವಿದೇಶದಿಂದ ತರಿಸಿಕೊಳ್ಳುವ ದೇಶ ನಮ್ಮದು, ಕೆರೆ ತಳದಲ್ಲಿ ಅದು ರಾಶಿ ಬಿದ್ದಿದೆ. ಕೋಲ್ಕತ್ತಾದ ಪೂರ್ವಕ್ಕಿರುವ ಜೌಗು ಪ್ರದೇಶ 12,500 ಹೆಕ್ಟೇರ್, 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ನಗರದ ಕೊಳಚೆಯ ಸಾರ ಮೀನಾಗಿ, ತರಕಾರಿಯಾಗಿ ಹೊರಗೆ ಬರುತ್ತದೆ. ಕಾರ್ಖಾನೆ ನೀರು ಸೇರದ ನಮ್ಮ ಹಳ್ಳಿ ಕೆರೆಗಳಲ್ಲಿ ಜೊಂಡನ್ನು ಮಳೆಗೆ ಮುಂಚೆ ಕೊಯ್ದು ಗೊಬ್ಬರದ ಗುಂಡಿಗೆ ಹಾಕುವುದು, ಗೋಡು ಸಾಗಿಸುವುದು ಇನ್ನೂ ಸುಲಭ. ಕಾಮಗಾರಿಯ ಎಸ್ಟಿಮೇಟಿನಲ್ಲಿ ಎಷ್ಟು ಘನ ಮೀಟರ್ ಮಣ್ಣು ತೆಗೆದರು ಅನ್ನುವುದಕ್ಕೆ ಬಿಲ್ ಆಗುತ್ತದೆ. ವರ್ಷಾವರ್ಷ ಜೊಂಡು ಕೊಯ್ಯುವ ಕೂಲಿಗೂ ಅಲ್ಲೊಂದು ಸಾಲು ಬೇಕು.

ಕಾನೂನು ನಮ್ಮ ಕೈ ಹಿಡಿಯುತ್ತದಾ? 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನೂ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಮೂಲಗಳನ್ನೂ ಜೌಗು ಪ್ರದೇಶದ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಮಲೆನಾಡಿನ ಕೆರೆಗಳಲ್ಲಿ ಎಷ್ಟು ಮನುಷ್ಯರು ಕಟ್ಟದೆ ತಾನಾಗಿ ಆದವು? ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಕದಂಬರ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಐದನೇ ಶತಮಾನದ ಮಾತದು. ಇಷ್ಟು ಕಾಲದಿಂದ ಹಕ್ಕಿ, ಮೀನು, ಜೊಂಡು ನೆಲೆಯೂರಿದ ಜಾಗಗಳನ್ನು ನೀರಾವರಿಗೆ ಕಟ್ಟಿದ್ದು ಅಂತ ಪಕ್ಕಕ್ಕಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣಾ ಕಾಯ್ದೆ ಇದೆ. ಅದು ಕೆರೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವುದನ್ನು ತಡೆಯಿತು. ಕೆರೆಯ ಗಾತ್ರ ನೋಡಿ ಈ ಅಂತರ ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲಕ್ಕೆ ಬಂತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕು ಅನ್ನುವ ವಾದ ಪೋಷಕಾಂಶದ ಲೆಕ್ಕಕ್ಕೆ ಹೊಂದುವುದಿಲ್ಲ. ಸಣ್ಣ ಕೆರೆಯಲ್ಲಿ ನೀರು ಕಡಿಮೆ. ಅಷ್ಟೇ ರಂಜಕ ಬಿದ್ದರೂ ಅದು ಬೇಗ ಹಸಿರಾಗುತ್ತದೆ.

ಗ್ರಾಮಸಭೆಗೆ ಹೋಗುವವರು ಎಸ್ಟಿಮೇಟ್ ಒಪ್ಪುವ ಮುನ್ನ ಮೇಲ್ತುದಿಯಲ್ಲಿ ಎಷ್ಟು ಎಕರೆ ಬಿಡುತ್ತೀರಿ ಅಂತ ಎಂಜಿನಿಯರರನ್ನು ಕೇಳಿ. ಬಗೆದ ಹೂಳು, ಕೊಯ್ದ ಕಳೆ ಯಾವ ಸರ್ವೆ ನಂಬರಿಗೆ ಹೋಗುತ್ತದೆ ಅಂತಲೂ ಕೇಳಿ. ಜೊತೆಗೆ ವರ್ಷಕ್ಕೆ ಎರಡು ಸಲ, ಜೂನಿನ ಮೊದಲ ಮಳೆಗೊಮ್ಮೆ, ಫೆಬ್ರವರಿಯಲ್ಲೊಮ್ಮೆ, ಹಳ್ಳ ಬರುವಲ್ಲಿ ಮತ್ತು ಜೌಗು ದಾಟಿದಲ್ಲಿ ನೀರಿನ ಒಟ್ಟು ರಂಜಕ ಅಳೆಸಬೇಕು ಅಂತ ನಿರ್ಣಯ ಬರೆಸಿ. ಎರಡು ಬಾಟಲಿ ನೀರಿನ ಕೆಲಸ ಅದು. ಫಲ ಬೇಗ ಬರುವುದಿಲ್ಲ ಅನ್ನುವುದನ್ನೂ ಅದೇ ಸಭೆಯಲ್ಲಿ ಹೇಳಿಬಿಡುವುದು ಒಳ್ಳೆಯದು. ಯುರೋಪ್ ಮತ್ತು ಉತ್ತರ ಅಮೆರಿಕದ ಸರೋವರಗಳಲ್ಲಿ ಹೊರಗಿನ ರಂಜಕ ತಡೆದ ಮೇಲೂ ತಳದ ಕೆಸರು ಬಿಡುವುದನ್ನು ನಿಲ್ಲಿಸಿ ನೀರು ಹೊಸ ಸ್ಥಿತಿಗೆ ಬರಲು ಸಾಮಾನ್ಯವಾಗಿ 10ರಿಂದ 15 ವರ್ಷ ಹಿಡಿದಿದೆ. ಪಂಚಾಯಿತಿ ಸದಸ್ಯರ ಅವಧಿ ಐದೇ ವರ್ಷ. ಆದ್ದರಿಂದ ಆ ಅಳತೆಯ ಪುಸ್ತಕ ಯಾರ ಹತ್ತಿರ ಇರಬೇಕು, ಮುಂದಿನ ಸದಸ್ಯರಿಗೆ ಯಾರು ಒಪ್ಪಿಸಬೇಕು ಅನ್ನುವುದೂ ನಿರ್ಣಯದಲ್ಲೇ ಇರಲಿ.